ಬರೆಯಬೇಕು ಅನ್ನಿಸುತ್ತದೆ, ಕೂತರೆ ಕೈ ಓಡುವುದಿಲ್ಲ: ಏನು ಮಾಡಬೇಕು?

ಕಲಬುರಗಿ, ಬೀದರ, ಯಾದಗಿರಿ ಕಡೆಯ ಹೊಸ ಬರಹಗಾರರು ಕೇಳುವ ಪ್ರಶ್ನೆ ಸುತ್ತಿ ಬಳಸಿ ಒಂದೇ. "ಬರೀಬೇಕು ಅಂತ ಭಾಳ ಆಸೆ ಅದ ರೀ. ಕುಂತ್ರ ಏನೂ ಹೊಳಿಯಲ್ಲ. ಹೊಳೆದು ಎರಡು ಪುಟ ಬರೆದ್ರೂ ಮರುದಿನ ಓದಿದಾಗ ನಾಚಿಕಿ ಆಗ್ತದ, ಹರಿದು ಒಗಿತೀನಿ. ಇದು ನನ್ನ ಕೈಲಿ ಆಗೋ ಕೆಲಸ ಅಲ್ಲೇನು?" ಕಾಲೇಜು ಹುಡುಗರು ಕೇಳುತ್ತಾರೆ, ಹಳ್ಳಿ ಶಾಲೆಯ ಮಾಸ್ತರರು ಕೇಳುತ್ತಾರೆ, ಮನೆಗೆಲಸ ಮುಗಿಸಿ ರಾತ್ರಿ ಬರೆಯುವ ಅಕ್ಕಂದಿರು ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕತೆ, ಕವಿತೆ ಬರೆಯುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹಾಡು ಕಟ್ಟುವವರಿಗೆ, ಚಿತ್ರ ಬಿಡಿಸುವವರಿಗೂ ಬಹುಪಾಲು ಹೊಂದುತ್ತದೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಅನುಮಾನವೆಲ್ಲ ಹೋದ ಮೇಲೆ ಬರೆಯುತ್ತೇನೆ ಅಂತ ಕಾದರೆ ಬರವಣಿಗೆ ಶುರುವಾಗುವುದೇ ಇಲ್ಲ. ಅನುಮಾನಕ್ಕೂ ಒಂದು ಕೆಲಸ ಇದೆ, ಆದರೆ ಅದರ ದಿನ ಬೇರೆ. ಬರೆಯುವ ದಿನ ಅದನ್ನು ಹೊರಗೆ ಕೂರಿಸಿ, ತಿದ್ದುವ ದಿನ ಒಳಗೆ ಕರೆಯಬೇಕು. ಕೆಳಗಿನ ಹಂತಗಳು ಇದನ್ನು ಮಾಡುವುದು ಹೇಗೆ ಅಂತ ತೋರಿಸುತ್ತವೆ.

ಏನೇನು ಬೇಕು

ಅಂಗಿ ಜೇಬಿನಲ್ಲೋ ಚೀಲದಲ್ಲೋ ಹಿಡಿಯುವ ಸಣ್ಣ ನೋಟ್‌ಬುಕ್ ಒಂದು. ಬರೆಯಲು ದೊಡ್ಡದು ಇನ್ನೊಂದು. ಪೆನ್ನು. ಫೋನಿನಲ್ಲಿ ಅಲಾರಂ ಮತ್ತು ವಾಯ್ಸ್ ರೆಕಾರ್ಡರ್. ನಿಮ್ಮ ಬರಹ ಓದುವ ಒಬ್ಬ ಮನುಷ್ಯ. ಆ ಮನುಷ್ಯನನ್ನು ಹುಡುಕುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ಲ್ಯಾಪ್‌ಟಾಪ್, ಪ್ರತ್ಯೇಕ ಕೋಣೆ, ತಿಂಗಳ ರಜೆ ಯಾವುದೂ ಬೇಡ.

1. ತೊಂದರೆ ಯಾವುದು ಅಂತ ಮೊದಲು ಗುರುತಿಸಿ

"ಬರೆಯಲು ಆಗುತ್ತಿಲ್ಲ" ಅನ್ನುವ ಒಂದೇ ಮಾತಿನ ಒಳಗೆ ಬೇರೆ ಬೇರೆ ತೊಂದರೆಗಳಿರುತ್ತವೆ. ಪರೀಕ್ಷೆ ಸುಲಭ. ಗೆಳೆಯನಿಗೋ ಗೆಳತಿಗೋ ಫೋನ್ ಮಾಡಿ, ನೀವು ಬರೆಯಬೇಕು ಅಂದುಕೊಂಡದ್ದನ್ನು ಬಾಯಿಮಾತಿನಲ್ಲಿ ಹೇಳಿ.

ಹೇಳಲು ಬಂತು, ಬರೆಯಲು ಮಾತ್ರ ಬರುತ್ತಿಲ್ಲ ಅಂದರೆ ನಿಮ್ಮಲ್ಲಿ ಸರಕು ಇದೆ, ಅಡ್ಡ ಬಂದಿರುವುದು ಹೆದರಿಕೆ. ನೇರ 4ನೇ ಹಂತಕ್ಕೆ ಹೋಗಿ. ಹೇಳಲು ಕೂಡ ಏನೂ ಇಲ್ಲ ಅಂದರೆ ಸರಕು ಖಾಲಿ. 2ನೇ ಹಂತದಿಂದ ಶುರು ಮಾಡಿ.

ಇನ್ನೊಂದು ಸಾಧ್ಯತೆ ಇದೆ, ಅದನ್ನು ಹಗುರವಾಗಿ ತಗೋಬೇಡಿ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಬರವಣಿಗೆಯ ಉಪಾಯ ಸಾಲದು, ಡಾಕ್ಟರರ ಸಹಾಯ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

2. ಸರಕು ಕೂಡಿಸಿ

ಸ್ಫೂರ್ತಿ ಒಮ್ಮಿಂದೊಮ್ಮೆಲೇ ಬರುತ್ತದೆ ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಬರುವುದು ನಿಜ, ಆದರೆ ತಯಾರಿ ಮಾಡಿದವರ ಬಳಿಗೆ ಹೆಚ್ಚು ಬರುತ್ತದೆ. ಇಂಗ್ಲೆಂಡಿನ ಗ್ರಹಾಂ ವಾಲಸ್ ಎಂಬ ಚಿಂತಕ 1926ರಲ್ಲಿ ಈ ಇಡೀ ಕ್ರಿಯೆಯನ್ನು ನಾಲ್ಕು ಭಾಗ ಮಾಡಿ ವಿವರಿಸಿದ: ತಯಾರಿ, ಮಾಗುವುದು, ಹೊಳೆಯುವುದು, ಪರೀಕ್ಷಿಸುವುದು. ನಮ್ಮಲ್ಲಿ ಬಹಳ ಜನ ಮೊದಲ ಎರಡನ್ನು ಬಿಟ್ಟು ಮೂರನೆಯದಕ್ಕಾಗಿ ಕಾಯುತ್ತಾ ಕೂರುತ್ತಾರೆ.

ತಯಾರಿ ಅಂದರೆ ಸಣ್ಣ ನೋಟ್‌ಬುಕ್‌ನಲ್ಲಿ ದಿನಕ್ಕೆ ಒಂದು ಟಿಪ್ಪಣಿ. ನಿಯಮ ಇಷ್ಟೇ. ಕಂಡದ್ದು, ಕೇಳಿದ್ದು ಬರೆಯಿರಿ. ನಿಮಗೆ ಅನ್ನಿಸಿದ್ದನ್ನು ಬರೆಯಬೇಡಿ. "ಬಡವರ ಬದುಕು ಎಷ್ಟು ಕಷ್ಟ" ಅನ್ನುವುದು ಅನ್ನಿಸಿದ್ದು, ಅದರಿಂದ ಕತೆ ಹುಟ್ಟುವುದಿಲ್ಲ. ಕಂಡದ್ದು ಅಂದರೆ ಹೀಗಿರುತ್ತದೆ (ಗಂಜ್ ಅಂದರೆ ಕಾಳುಕಡಿ ಮಾರುವ ಪೇಟೆ):

"ಗಂಜ್‌ನಲ್ಲಿ ಲಾರಿ ಹೋದ ಮೇಲೆ ಒಬ್ಬ ಮುದುಕಿ ನೆಲಕ್ಕೆ ಬಿದ್ದ ತೊಗರಿ ಬಳಿಯುತ್ತಿದ್ದಳು. ಮೊರದಲ್ಲಿ ಕೇರಿ, ಕಲ್ಲು ಬೇರೆ ಮಾಡಿ, ಸೆರಗಿಗೆ ಕಟ್ಟಿಕೊಂಡಳು. ಹಮಾಲ ಚೀಲ ಹೊರುವ ಮುಂಚೆ ಅವಳ ಕಡೆ ನೋಡದೆ ಅದನ್ನು ಒಮ್ಮೆ ಜಾಡಿಸಿದ."

ನಾಲ್ಕು ಸಾಲು ಸಾಕು. ಜಾಗ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತೊಗರಿ ಬರುವ ಹಂಗಾಮಿನಲ್ಲಿ ಗಂಜ್, ಹಳ್ಳಿಗೆ ಹೋಗುವ ಕೊನೆಯ ಬಸ್ಸು, ದವಾಖಾನೆಯ ಹೊರಗಿನ ಕಟ್ಟೆ, ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ದರ್ಗಾದ ಉರುಸು, ಇವೆಲ್ಲ ಸಿಗುವಂಥವೇ. ನಿಮ್ಮೂರಿನಲ್ಲಿ ಅಮಾವಾಸ್ಯೆಗೆ ಭಜನೆ ಇದ್ದರೆ ತಪ್ಪದೆ ಹೋಗಿ ಕೂರಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೆ, ಯಾವ ಸಾಲನ್ನು ಮತ್ತೆ ಮತ್ತೆ ಹಿಡಿಯುತ್ತಾರೆ ಅಂತ ಕೇಳಿಸಿಕೊಳ್ಳಿ. ಕವಿತೆ ಬರೆಯುವವರಿಗೆ ಲಯದ ಪಾಠ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಸಿಗುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಎರಡು ಎಚ್ಚರಿಕೆ. ಫೋಟೋ ತೆಗೆದುಕೊಂಡರೆ ಟಿಪ್ಪಣಿ ಬರೆದಂತೆ ಆಗುವುದಿಲ್ಲ. ಹಮಾಲ ನೋಡದೆ ಜಾಡಿಸಿದ ಅನ್ನುವುದು ಫೋಟೋದಲ್ಲಿ ಬರುವುದಿಲ್ಲ, ಅಲ್ವಾ? ಇನ್ನೊಂದು, ಓಣಿಯವರ, ನೆಂಟರ ಮನೆಯ ಸಂಕಟ ಕಿವಿಗೆ ಬಿದ್ದರೆ ಬರೆದಿಟ್ಟುಕೊಳ್ಳಿ, ಆದರೆ ಹೊರಗೆ ಬರುವ ಬರಹದಲ್ಲಿ ಹೆಸರು, ಊರು, ಕಸುಬು ಬದಲಾಗಿರಬೇಕು. ಓದಿದವರಿಗೆ "ಇದು ಇಂಥವರ ಮನೆ ಕತೆ" ಅಂತ ಗುರುತು ಹತ್ತಬಾರದು.

3. ಟಿಪ್ಪಣಿಗೆ ಪ್ರಶ್ನೆ ಕೇಳಿ

ಏಳೆಂಟು ಟಿಪ್ಪಣಿ ಆದ ಮೇಲೆ ತಿರುವಿ ಹಾಕಿ. ಒಂದಾದರೂ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ದೊಡ್ಡ ನೋಟ್‌ಬುಕ್‌ಗೆ ಇಳಿಸಿ, ಕೆಳಗೆ ಪ್ರಶ್ನೆಗಳನ್ನು ಬರೆಯಿರಿ. ಮೇಲಿನ ಟಿಪ್ಪಣಿಯನ್ನೇ ನೋಡೋಣ.

ಹಮಾಲ ಯಾಕೆ ಜಾಡಿಸಿದ? ಅವಳು ಅವನಿಗೆ ಏನಾಗಬೇಕು? ಏನೂ ಆಗದಿದ್ದರೆ ಇನ್ನೂ ಚೆನ್ನ. ಅಡತಿ ಅಂಗಡಿಯ ಮುನೀಮ ಅದನ್ನು ನೋಡಿದರೆ ಏನಂತಾನೆ? (ಅಡತಿ ಅಂಗಡಿ ಅಂದರೆ ರೈತನ ಮಾಲನ್ನು ಕಮಿಷನ್ ಹಿಡಿದು ಮಾರಿಕೊಡುವ ಅಂಗಡಿ, ಮುನೀಮ ಅಲ್ಲಿ ಲೆಕ್ಕ ಬರೆಯುವವನು.) ಚೀಲದ ತೂಕ ಕಮ್ಮಿ ಬಿದ್ದರೆ ಯಾರ ಕೂಲಿಯಲ್ಲಿ ಹಿಡಿಯುತ್ತಾರೆ? ಮರುದಿನ ಹಮಾಲ ಬರಲಿಲ್ಲ ಅಂದರೆ ಮುದುಕಿ ಯಾರನ್ನು ಕೇಳುತ್ತಾಳೆ? ಕೇಳುತ್ತಾಳಾ? ಆ ತೊಗರಿ ಅವಳ ಮನೆ ಒಲೆಗೆ ಹೋಗುತ್ತದೋ, ಕಿರಾಣಿ ಅಂಗಡಿಗೆ ಹೋಗುತ್ತದೋ?

ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಬಿಡಿ. ನಿಮಗೇ ಉತ್ತರ ಗೊತ್ತಿಲ್ಲದ, ಆದರೆ ತಿಳಿಯಬೇಕು ಅನ್ನಿಸುವ ಪ್ರಶ್ನೆ ಯಾವುದೋ ಅದರಿಂದ ಬರೆಯಲು ಶುರು ಮಾಡಿ. ಇಲ್ಲಿ ನನ್ನನ್ನು ಕೇಳಿದರೆ ತೂಕದ ಪ್ರಶ್ನೆ. ಅಲ್ಲಿಂದ ಕರುಣೆಗೂ ಕೂಲಿಗೂ ಜಗಳ ಹತ್ತುತ್ತದೆ, ಕತೆ ತಾನಾಗಿ ನಡೆಯುತ್ತದೆ.

ಹೊಸಬರು ಇಲ್ಲಿ ಸಾಮಾನ್ಯವಾಗಿ ಎಡವುವುದು ಒಂದು ಕಡೆ: ಮೊದಲೇ ನೀತಿ ನಿರ್ಧರಿಸಿಕೊಂಡು ಅದಕ್ಕೆ ತಕ್ಕ ಪಾತ್ರ ಹುಡುಕುತ್ತಾರೆ. ಅಂಥ ಬರಹ ಅರ್ಧದಲ್ಲೇ ಒಣಗುತ್ತದೆ. ಯಾಕೆಂದರೆ ಬರೆಯುವವರಿಗೇ ತಿಳಿಯುವುದು ಏನೂ ಉಳಿದಿರುವುದಿಲ್ಲ.

4. ಹೊತ್ತು, ಜಾಗ ಗೊತ್ತು ಮಾಡಿ

"ಟೈಮ್ ಸಿಕ್ಕಾಗ ಬರೀತೀನಿ" ಅಂದರೆ ಟೈಮ್ ಸಿಗುವುದಿಲ್ಲ. ಮನಶ್ಶಾಸ್ತ್ರದಲ್ಲಿ ಇಫ್-ದೆನ್ ಪ್ಲಾನ್ ಅಂತ ಒಂದು ವಿಧಾನ ಇದೆ. ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಗಂಟು ಹಾಕುವುದು. "ಮುಂಜಾನೆ ಚಹಾ ಕುಡಿದು ಕಪ್ಪು ಇಟ್ಟ ಕೂಡಲೇ, ಹಿತ್ತಲ ಕಟ್ಟೆ ಮೇಲೆ 20 ನಿಮಿಷ ಬರೆಯುತ್ತೇನೆ." ಹೀಗೆ ಒಂದು ವಾಕ್ಯ ಬರೆದು ಗೋಡೆಗೆ ಹಚ್ಚಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಮಧ್ಯಾಹ್ನ ತಲೆ ಓಡುವುದಿಲ್ಲ, ಕರೆಂಟೂ ನಂಬುವಂತಿಲ್ಲ. ಬೇಸಿಗೆಯಲ್ಲಿ ಸೂರ್ಯ ಏರುವ ಮುಂಚಿನ ಹೊತ್ತೇ ಒಳ್ಳೆಯದು.

ಅಲಾರಂ ಹೊಡೆದ ಕೂಡಲೇ ನಿಲ್ಲಿಸಿ. ಇನ್ನೂ ಬರೆಯುವ ಹುಕಿ ಇದ್ದರೂ ನಿಲ್ಲಿಸಿ, ಮುಂದಿನ ಸಾಲಿನ ಮೊದಲ ಎರಡು ಪದ ಬರೆದಿಟ್ಟು ಏಳಿ. ಮರುದಿನ ಕೂರುವಾಗ ಖಾಲಿ ಹಾಳೆ ಎದುರಾಗುವುದಿಲ್ಲ.

5. ಬರೆಯುವ ದಿನ ತಿದ್ದಬೇಡಿ

ಇಡೀ ಲೇಖನದಲ್ಲಿ ಒಂದೇ ಹಂತ ಇಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ.

ಮೊದಲ ಕರಡು ಮುಗಿಯುವವರೆಗೆ ಹಿಂದಿನ ಪುಟ ಓದಬೇಡಿ. (ಕರಡು ಅಂದರೆ ನೀವು ಮಾತ್ರ ನೋಡುವ ಕಚ್ಚಾ ಬರಹ.) ಪದ ಹೊಳೆಯದಿದ್ದರೆ ಗೆರೆ ಎಳೆದು ಮುಂದೆ ಹೋಗಿ. ಕಾಗುಣಿತ ತಪ್ಪಿದರೆ ಇರಲಿ. ಅರ್ಧ ಆದಾಗ ಅದು ಕೆಟ್ಟದಾಗಿ ಕಂಡೇ ಕಾಣುತ್ತದೆ.

ಯಾಕೆ ಹಾಗೆ ಕಾಣುತ್ತದೆ ಅಂತ ತಿಳಿಯಬೇಕಾದರೆ ಬೀದರಿಗೆ ಹೋಗಿ ಬಿದ್ರಿ ಕೆಲಸ ನೋಡಿ. ಜಾಸ್ತಿ ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂದಾನಿ ಮೊದಲು ಬೂದು ಬಣ್ಣಕ್ಕೆ ಇರುತ್ತದೆ. ಅದನ್ನು ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚುತ್ತಾರೆ. ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಗೀಚಿದ ಗೆರೆ ಎದ್ದು ಕಾಣಲಿ ಅಂತಷ್ಟೇ ಆ ಕಪ್ಪು. ಆಮೇಲೆ ಸಣ್ಣ ಉಳಿಯಿಂದ ಬಳ್ಳಿ, ಹೂವು ಕೆತ್ತಿ, ಆ ಕಾಲುವೆಯೊಳಗೆ ಬೆಳ್ಳಿ ತಂತಿ ಕೂರಿಸಿ ತಟ್ಟುತ್ತಾರೆ. ಮತ್ತೆ ಉಜ್ಜುತ್ತಾರೆ. ಆಗ ತಾತ್ಕಾಲಿಕ ಕಪ್ಪು ಹೋಗಿ ಬೆಳ್ಳಿಯೂ ಲೋಹವೂ ಹೆಚ್ಚುಕಮ್ಮಿ ಒಂದೇ ಬಣ್ಣಕ್ಕೆ ಬರುತ್ತವೆ. ಅಷ್ಟು ಹೊತ್ತು ಕೆತ್ತಿದ ಚಿತ್ತಾರ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಆ ಘಟ್ಟದಲ್ಲಿ ಗೊತ್ತಿಲ್ಲದವರು ನೋಡಿದರೆ ಇದೇನು ಕೆಲಸ ಅನ್ನಬಹುದು. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಪಾತ್ರೆ ಬಿಸಿ ಮಾಡಿ ಅದನ್ನು ಉಜ್ಜಿದಾಗ ಲೋಹ ಗಾಢ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. 2006ರಲ್ಲಿ ಜಿಐ ಮಾನ್ಯತೆ (ಇಂಥ ಊರಿನದೇ ವಿಶೇಷ ಅನ್ನುವ ಸರ್ಕಾರದ ಗುರುತು) ಪಡೆದ ಕಸುಬು ಇದು. ಇದೇ ಕಸುಬಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಅಷ್ಟು ಪಳಗಿದ ಕೈಗೂ ನಡುವಿನ ಬೂದು ಘಟ್ಟ ತಪ್ಪಿದ್ದಲ್ಲ.

ನಿಮ್ಮ ಕರಡು ಇರುವುದು ಆ ಘಟ್ಟದಲ್ಲಿ. ಬೆಳ್ಳಿ ಒಳಗೆ ಕೂತಿದೆಯೋ ಇಲ್ಲವೋ ಆಗ ಗೊತ್ತಾಗುವುದಿಲ್ಲ. ಆದ್ದರಿಂದ ಕರಡು ಮುಗಿದ ಮೇಲೆ ಒಂದು ವಾರ ಮುಚ್ಚಿಡಿ. ಹರಿಯಬೇಡಿ. ಹರಿಯಲೇಬೇಕು ಅನ್ನಿಸಿದರೆ ಒಂದು ತಿಂಗಳು ಬಿಟ್ಟು ಹರಿಯಿರಿ. ಅಷ್ಟರಲ್ಲಿ ಬಹುತೇಕರ ಮನಸ್ಸು ಬದಲಾಗಿರುತ್ತದೆ.

6. ಅನುಮಾನವನ್ನು ಹಾಳೆಗೆ ಇಳಿಸಿ

ವಾರ ಕಳೆದ ಮೇಲೆ, ತಿದ್ದುವ ದಿನ, ಅನುಮಾನವನ್ನು ಕರೆಯಿರಿ. ಹಾಳೆಯ ಎಡಕ್ಕೆ ಅದು ಹೇಳುವುದನ್ನು ಅದರದೇ ಮಾತಿನಲ್ಲಿ ಬರೆಯಿರಿ. ತಲೆಯಲ್ಲಿದ್ದಾಗ ಒಂದೇ ಕರಿಮೋಡದ ಹಾಗೆ ಕಾಣುವುದು ಹಾಳೆಗೆ ಬಂದಾಗ ನಾಲ್ಕೈದು ವಾಕ್ಯ ಆಗುತ್ತದೆ. ಈಗ ವಿಂಗಡಿಸಿ.

"ಮುದುಕಿ ಯಾಕೆ ಸಿಟ್ಟಾದಳು ಅಂತ ಗೊತ್ತಾಗುವುದಿಲ್ಲ." ಇದು ಕೆಲಸಕ್ಕೆ ಬರುವ ಅನುಮಾನ. ಬಲಕ್ಕೆ ಪರಿಹಾರ ಬರೆದು ತಿದ್ದಿ.

"ಇಂಥವರಷ್ಟು ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ." ಇದರಿಂದ ತಿದ್ದಲು ಏನೂ ಸಿಗುವುದಿಲ್ಲ. ಅವರ ಮುಗಿದ ಪುಸ್ತಕದ ಪಕ್ಕ ನಿಮ್ಮ ಕರಡು ಇಟ್ಟು ನೋಡುತ್ತಿದ್ದೀರಿ. ಗೀಟು ಹೊಡೆಯಿರಿ.

"ಬಹುಮಾನ ಬಂದದ್ದು ಅದೃಷ್ಟ, ನನ್ನಲ್ಲಿ ಏನೂ ಇಲ್ಲ ಅಂತ ಒಂದಿನ ಎಲ್ಲರಿಗೂ ಗೊತ್ತಾಗುತ್ತದೆ." ಇದಕ್ಕೆ ಇಂಪೋಸ್ಟರ್ ಫಿನಾಮಿನನ್ ಅಂತ ಹೆಸರು. ಅರ್ಹತೆ ಇದ್ದರೂ ತಾನು ಎಲ್ಲರಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸುವ ಭಾವನೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ದೊಡ್ಡ ಸಾಧನೆ ಮಾಡಿದ ಹೆಣ್ಣುಮಕ್ಕಳನ್ನು ಗಮನಿಸಿ 1978ರಲ್ಲಿ ಇದನ್ನು ವಿವರಿಸಿದರು. ಮನೆತನದಲ್ಲಿ ಮೊದಲು ಓದಿದವರು, ಮೊದಲು ಬರೆದವರು ಇದನ್ನು ಹೆಚ್ಚು ಹೇಳಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಹೆಸರು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ.

ಇನ್ನು ನಮ್ಮ ಭಾಗದವರಿಗೇ ಜಾಸ್ತಿ ಕಾಡುವ ಅನುಮಾನ. "ನಮ್ಮ ಕನ್ನಡ ಸರಿಯಿಲ್ಲ. ಉರ್ದು, ತೆಲುಗು, ಮರಾಠಿ ಬೆರೆತ ಭಾಷೆ ನಮ್ಮದು. ಓದಿದವರು ನಗುತ್ತಾರೆ." ಬೆಂಗಳೂರು, ಮೈಸೂರಿನ ಕಡೆ ಓದಲು ಹೋಗಿ ಬಂದವರಿಗಂತೂ ಇದು ಗಾಯದ ಹಾಗೆ ಉಳಿದಿರುತ್ತದೆ. ಇದನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ಎಷ್ಟೋ ಒಳ್ಳೆಯ ಬರಹಗಳು ಈ ಒಂದೇ ಅಂಜಿಕೆಗೆ ಹುಟ್ಟುವ ಮುಂಚೆ ಸತ್ತಿವೆ.

ಎರಡು ಸಂಗತಿ ನೆನಪಿಡಿ. ಇಂದು ನಮಗೆ ಸಿಕ್ಕಿರುವ ಕನ್ನಡದ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು ಕವಿರಾಜಮಾರ್ಗ. 9ನೇ ಶತಮಾನದ್ದು, ನೃಪತುಂಗನ ಆಸ್ಥಾನದ್ದು. ಅವನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಕನ್ನಡದ ದೇಸಿ ಊರಿಗೊಂದು ಬಗೆಯಾಗಿರುವುದರಿಂದ ಅದರ ದೋಷ ಇಷ್ಟೇ ಅಂತ ಹೇಳಲು ಹೊರಟರೆ ವಾಸುಕಿಗೂ ಬೇಸರ ಬರುತ್ತದೆ ಅಂತ ಆ ಕಾಲಕ್ಕೇ ಅದರಲ್ಲಿ ಹೇಳಿದೆ. ಎರಡನೆಯದು, ಕಲಬುರಗಿ ಸೀಮೆಯ ದುಡಿಯುವ ಹೆಣ್ಣುಮಕ್ಕಳ ಬದುಕನ್ನು ಈ ನೆಲದ ಮಾತಿನಲ್ಲೇ ಬರೆದ ಗೀತಾ ನಾಗಭೂಷಣ ಅವರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಕೈಯಲ್ಲಿ ಮಾಡಬೇಕಾದದ್ದು ಹೀಗೆ. ಪಾತ್ರಗಳ ಮಾತನ್ನು ಮನೆಯಲ್ಲಿ ಆಡುವಂತೆಯೇ ಬರೆಯಿರಿ. ಮಗ ಉಣ್ಣದೆ ಕೂತಿದ್ದಾನೆ, ತಾಯಿ ಮಾತಾಡಿಸುತ್ತಾಳೆ ಅಂದುಕೊಳ್ಳಿ. "ಏನಾಯಿತಪ್ಪ, ಬೆಳಿಗ್ಗೆಯಿಂದ ಏನನ್ನೂ ತಿಂದಿಲ್ಲವಲ್ಲ, ಆರೋಗ್ಯವಾಗಿದ್ದೀಯಾ?" ಅಂತ ಬರೆದರೆ ತಪ್ಪೇನಿಲ್ಲ, ಆದರೆ ಆ ತಾಯಿ ಯಾವ ಊರಿನವಳೂ ಅಲ್ಲ. "ಯಾಕೋ ತಮ್ಮಾ, ಮುಂಜಾನಿಂದ ಒಂದ್ ರೊಟ್ಟಿ ಸೈತ ಮುಟ್ಟಿಲ್ಲಲ್ಲೋ, ಮೈಯಾಗ ಆರಾಮ ಅದ ಇಲ್ಲೋ?" ಅಂದರೆ ಅವಳು ಬಾಗಿಲಲ್ಲಿ ನಿಂತದ್ದು ಕಾಣುತ್ತದೆ.

ನಿರೂಪಣೆ, ಅಂದರೆ ಕತೆ ಹೇಳುವವರ ಮಾತು, ಯಾವ ಕನ್ನಡದಲ್ಲಿರಬೇಕು ಅನ್ನುವುದು ನಿಮ್ಮ ಆಯ್ಕೆ. ಪುಸ್ತಕದ ಕನ್ನಡವಾದರೂ ಸರಿ, ಊರ ಕನ್ನಡವಾದರೂ ಸರಿ. ಒಂದು ಪುಟ ಹೀಗೆ, ಒಂದು ಪುಟ ಹಾಗೆ ಆಗಬಾರದು ಅಷ್ಟೇ. ಒಂದೇ ಪದವನ್ನು ಎರಡು ರೀತಿ ಬರೆಯಬೇಡಿ. "ಭಾಳ" ಅಂತ ಶುರು ಮಾಡಿದರೆ ಕೊನೆವರೆಗೂ "ಭಾಳ" ಇರಲಿ. ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸುವವರು ಹುಷಾರು, ಅದು ನಿಮ್ಮ ಮಾತನ್ನು ಕೇಳದೆಯೇ ಪುಸ್ತಕದ ಕನ್ನಡಕ್ಕೆ ತಿದ್ದಿಬಿಡಬಹುದು. ಅಜ್ಜಿ, ಅವ್ವನ ಮಾತು ಬೇಕಿದ್ದರೆ ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ, ಆಮೇಲೆ ಕೇಳಿಕೊಂಡು ಕೈಯಲ್ಲಿ ಬರೆಯಿರಿ. ಮುಗಿದ ಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ ತಿದ್ದಿ.

7. ಒಬ್ಬರಿಗೆ ತೋರಿಸಿ

ಒಬ್ಬರಿಗೆ ಸಾಕು. ಅವರು ಬರಹಗಾರರೇ ಆಗಬೇಕಿಲ್ಲ. ಓದುವ ಹುಚ್ಚಿರಬೇಕು, ನಿಮ್ಮ ಮನಸ್ಸು ನೋಯಿಸುವುದರಲ್ಲಿ ಖುಷಿ ಪಡುವವರಾಗಿರಬಾರದು. ಜಿಲ್ಲಾ ಗ್ರಂಥಾಲಯಕ್ಕೆ ದಿನಾ ಬರುವವರಲ್ಲಿ, ಕಾಲೇಜಿನ ಕನ್ನಡ ವಿಭಾಗದಲ್ಲಿ, ಕಸಾಪ (ಕನ್ನಡ ಸಾಹಿತ್ಯ ಪರಿಷತ್ತು) ಕಾರ್ಯಕ್ರಮಗಳಲ್ಲಿ ಅಂಥವರು ಸಿಗುತ್ತಾರೆ.

"ಹೇಗಿದೆ?" ಅಂತ ಕೇಳಬೇಡಿ. "ಚೆನ್ನಾಗಿದೆ" ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥ ಆಗಲಿಲ್ಲ, ಓದಿ ಮುಗಿಸಿದ ಮೇಲೆ ಏನು ನೆನಪಿದೆ ಅಂತ ಕೇಳಿ. ಅವರು ಹೇಳುವಾಗ ವಾದ ಮಾಡದೆ ಬರೆದುಕೊಳ್ಳಿ. ಅವರು ತೋರಿಸಿದ ಜಾಗ ಸಾಮಾನ್ಯವಾಗಿ ಸರಿಯಿರುತ್ತದೆ. ಅವರು ಹೇಳಿದ ಪರಿಹಾರ ಮಾತ್ರ ನಿಮಗೆ ಹೊಂದಬೇಕೆಂದೇನಿಲ್ಲ.

ಕರಡನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಓದದೆ ಕೈಮುಗಿಯುವ ಚಿತ್ರ ಕಳಿಸುವವರು ಹತ್ತು ಜನ, ಒಂದು ಕಾಗುಣಿತ ತಪ್ಪು ಹಿಡಿದು ಎಳೆಯುವವರು ಇಬ್ಬರು. ಎರಡರಿಂದಲೂ ಬರಹ ಸುಧಾರಿಸುವುದಿಲ್ಲ.

8. ನಡುವೆ ನಿಂತುಹೋದರೆ

ಎದ್ದು ನಡೆಯಿರಿ. ಕೂತಿದ್ದಾಗಿನಕ್ಕಿಂತ ನಡೆಯುವಾಗ, ನಡೆದು ಬಂದು ಕೂತ ಕೂಡಲೇ, ಹೊಸ ಯೋಚನೆಗಳು ಜಾಸ್ತಿ ಹೊಳೆಯುತ್ತವೆ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ವಾಲಸ್ ಹೇಳಿದ ಮಾಗುವ ಘಟ್ಟಕ್ಕೂ ಇದು ಒಳ್ಳೆಯದು. ಕಲಬುರಗಿಯ ಅಪ್ಪನ ಕೆರೆ ಸುತ್ತ, ಬೀದರ ಕೋಟೆಯ ಒಳಗೆ, ಯಾದಗಿರಿ ಬೆಟ್ಟದ ಬುಡದಲ್ಲಿ, ಎಲ್ಲಾದರೂ ಸರಿ, ಬಿಸಿಲು ಏರುವ ಮುಂಚೆ. ಫೋನು ಕಿಸೆಯಲ್ಲೇ ಇರಲಿ, ಕಿವಿಗೆ ಏನೂ ಹಾಕಿಕೊಳ್ಳಬೇಡಿ.

ಮೂರು ದಿನ ನಡೆದರೂ ಬರಹ ಅಲ್ಲಾಡದಿದ್ದರೆ 3ನೇ ಹಂತಕ್ಕೆ ವಾಪಸ್ ಹೋಗಿ ಬೇರೆ ಪ್ರಶ್ನೆ ಹಿಡಿಯಿರಿ.

9. ಕಳಿಸುವುದು

ಪತ್ರಿಕೆಗೆ ಕಳಿಸುವ ಮುಂಚೆ ಅವರ ಪದಮಿತಿ ನೋಡಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ಒಂದೇ ಬರಹವನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ. ಬರಹದ ಹೆಸರು, ಕಳಿಸಿದ ದಿನ, ಪತ್ರಿಕೆಯ ಹೆಸರನ್ನು ದೊಡ್ಡ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಬರೆಯಿರಿ. ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಜಾಗ ಇಲ್ಲದೆಯೂ ಬರಹ ವಾಪಸ್ ಬರುತ್ತದೆ, ಆದ್ದರಿಂದ ಅದನ್ನೇ ನಿಮ್ಮ ಬೆಲೆ ಅಂತ ತಿಳಿಯಬೇಡಿ. ಮೂರು ತಿಂಗಳು ಕಾಯಿರಿ, ಒಮ್ಮೆ ನೆನಪಿಸಿ, ಆಮೇಲೆ ಬರಹ ವಾಪಸ್ ಪಡೆಯುತ್ತಿದ್ದೇನೆ ಅಂತ ತಿಳಿಸಿ ಇನ್ನೊಂದು ಪತ್ರಿಕೆಗೆ ಕಳಿಸಿ. ಕಳಿಸಿದ ದಿನವೇ ಸಣ್ಣ ನೋಟ್‌ಬುಕ್ ತೆಗೆದು ಮುಂದಿನ ಟಿಪ್ಪಣಿ ಆರಿಸಿಕೊಳ್ಳಿ. ಕೈಯಲ್ಲಿ ಇನ್ನೊಂದು ಕೆಲಸ ಇದ್ದರೆ ಕಾಯುವುದು ಅಷ್ಟು ಕಷ್ಟ ಆಗುವುದಿಲ್ಲ.